ಹಾಸಿಗೆ ಇದ್ದಷ್ಟು ಕಾಲು ಚಾಚಿದ್ದಾಯ್ತು. ಹಾಸಿಗೆಯೊಳಗೆ ಏನಿದೆ ಅಂತ ಕೇಳಿದ್ದೀರಾ?

ಕಳೆದ ಬೇಸಿಗೆಯಲ್ಲಿ ಅವ್ವ ಹಾವೇರಿಯಿಂದ ಬೆಂಗಳೂರಿನ ನನ್ನ ಬಾಡಿಗೆ ಮನೆಗೆ ಬಂದಿದ್ದಳು. ಮೊದಲ ರಾತ್ರಿ ನನ್ನ ಮಂಚ ಬಿಟ್ಟುಕೊಟ್ಟೆ. ನಡುರಾತ್ರಿ ಎದ್ದು ನೋಡಿದರೆ ಅವ್ವ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದಾಳೆ. ಬೆಳಿಗ್ಗೆ ಕೇಳಿದ್ದಕ್ಕೆ, "ನಡು ಒಳಗ ಇಳಿತೈತಿ, ಬೆನ್ನು ಬ್ಯಾರೆ ಕಾಯತೈತಿ" ಅಂದಳು. ಆಮೇಲೆ ಹಾಸಿಗೆಯ ತಗ್ಗಾದ ಜಾಗವನ್ನ ಕೈಯಿಂದ ಒತ್ತಿ ನೋಡಿ ಇನ್ನೊಂದು ಮಾತು ಕೇಳಿದಳು: "ಇದನ್ನ ಬಿಚ್ಚಿ ಹಿಂಜ್ಸಾಕ ಬರೂದಿಲ್ಲೇನು?"

ಬರೋದಿಲ್ಲ. 'ಆರ್ಥೋ' ಅಂತ ಬರೆದಿದ್ದ ಆ ಹಾಸಿಗೆಯನ್ನ ಆನ್‌ಲೈನ್‌ನಲ್ಲಿ ತರಿಸಿ ಮೂರು ವರ್ಷವಾಗಿತ್ತು. ಹತ್ತು ವರ್ಷದ ವಾರಂಟಿ ಇತ್ತು. ಕಂಪನಿಗೆ ಫೋನ್ ಮಾಡಿದೆ. ಹಾಸಿಗೆಯ ಮೇಲೆ ಅಡ್ಡಲಾಗಿ ಕೋಲು ಇಟ್ಟು, ತಗ್ಗು ಎಷ್ಟಿದೆ ಅಂತ ಸ್ಕೇಲ್‌ನಲ್ಲಿ ಅಳೆದು ಫೋಟೋ ಕಳಿಸಿ ಅಂದರು. ಮುಕ್ಕಾಲು ಇಂಚು ಬಂತು. ಒಂದು ಇಂಚು ದಾಟಿದರೆ ಮಾತ್ರ ಅದು ದೋಷ, ಅದಕ್ಕಿಂತ ಕಡಿಮೆ ಇದ್ದರೆ ಅದು ಬಳಕೆಯಿಂದ ಆದ ಸಹಜ ಗುರುತು ಅಂತ ಉತ್ತರ ಬಂತು. ವಾರಂಟಿ ಕಾಗದದ ಸಣ್ಣಕ್ಷರದಲ್ಲಿ ಅದು ಬರೆದೂ ಇತ್ತು. ನಾನು ಓದಿರಲಿಲ್ಲ, ಅಷ್ಟೇ.

ಅವ್ವನ ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿಯಿತು. ಬಿಚ್ಚಿ, ಹಿಂಜಿಸಿ, ಮತ್ತೆ ತುಂಬಿಸಿ ಹೊಸದು ಮಾಡಿಕೊಳ್ಳಬಹುದಾಗಿದ್ದ ಒಂದು ವಸ್ತು, ಹಾಳಾದರೆ ಎಸೆಯಬೇಕಾದ ವಸ್ತುವಾಗಿದ್ದು ಯಾವಾಗ? ಅದನ್ನ ನಿರ್ಧಾರ ಮಾಡಿದ್ದು ಯಾರು? "ಜನರ ಅಭಿರುಚಿ ಬದಲಾಗಿದೆ" ಅಂತ ಮಾರುಕಟ್ಟೆಯವರು ಹೇಳ್ತಾರೆ. ಅದು ಅರ್ಧ ಸತ್ಯ. ಉಳಿದರ್ಧವನ್ನ ತಿಳಿಯೋಕೆ ಹಾಸಿಗೆಯ ಹೊಟ್ಟೆ ಬಗೆದು ನೋಡಬೇಕು.

ಗಾದಿಯಿಂದ ಡಬ್ಬಿವರೆಗೆ

ಉತ್ತರ ಕರ್ನಾಟಕದಲ್ಲಿ ನಾವು ಹಾಸಿಗೆಗೆ ಗಾದಿ ಅಂತೀವಿ. ಗಾದಿ ಅಂದರೆ ದಪ್ಪ ಬಟ್ಟೆಯ ಚೀಲದೊಳಗೆ ಹಿಂಜಿದ ಅರಳೆ ತುಂಬಿ, ಅಲ್ಲಲ್ಲಿ ದಾರ ಎಳೆದು ಗಂಟು ಹಾಕಿದ್ದು. ಎಲ್ಲರ ಮನೆಯಲ್ಲೂ ಅದು ಇತ್ತು ಅಂತ ಅಂದುಕೊಳ್ಳಬೇಡಿ. ಬಹಳಷ್ಟು ಮನೆಗಳಲ್ಲಿ ಚಾಪೆ, ಜಮಖಾನ, ಹಳೆಯ ಸೀರೆಗಳಿಂದ ಹೊಲಿದ ಕೌದಿ, ಇಷ್ಟೇ. ಗಾದಿ ಮದುವೆಗೆ, ಬಾಣಂತನಕ್ಕೆ, ಬೀಗರು ಬಂದಾಗ ಕೆಳಗಿಳಿಯುತ್ತಿತ್ತು. ಹಾಸಿಗೆಯ ಇತಿಹಾಸ ವರ್ಗದ ಇತಿಹಾಸವೂ ಹೌದು.

ಕಾರ್ಖಾನೆ ಹಾಸಿಗೆ ನಮ್ಮಲ್ಲಿ ದೊಡ್ಡದಾಗಿ ಬಂದಿದ್ದು 1960ರ ದಶಕದಲ್ಲಿ, ಅದೂ ತೆಂಗಿನ ನಾರಿನ ರೂಪದಲ್ಲಿ. 1962ರಲ್ಲಿ ಮಣಿಪಾಲದ ಪೈ ಕುಟುಂಬದ ಸಮೂಹ ಕರ್ನಾಟಕ ಕನ್ಸ್ಯೂಮರ್ ಪ್ರಾಡಕ್ಟ್ಸ್ ಎಂಬ ಕಂಪನಿ ಶುರು ಮಾಡಿತು. ಅದೇ ಮುಂದೆ ಕರ್ಲಾನ್ ಆಯಿತು. 1963ರಲ್ಲಿ ಕೇರಳದ ಆಲಪ್ಪುಳದಲ್ಲಿ ಡ್ಯೂರೋಫ್ಲೆಕ್ಸ್ ಹುಟ್ಟಿತು. ಸುರುಳಿ ಮಾಡಿದ ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ, ಒತ್ತಿ, ಬೇಯಿಸಿ ಹಾಳೆ ಮಾಡುವ ತಂತ್ರ ಇದು. ಕರಾವಳಿಯ ಎರಡು ಬೆಳೆ, ತೆಂಗು ಮತ್ತು ರಬ್ಬರ್, ಸೇರಿ ಆದ ಹಾಸಿಗೆ. ನಮ್ಮಲ್ಲಿ ಎರಡು ತಲೆಮಾರಿನ ಮಧ್ಯಮ ವರ್ಗ ಮಲಗಿದ್ದು ಇದರ ಮೇಲೆಯೇ.

ಪಾಲಿಯುರಿಥೇನ್, ಅಂದರೆ ನಾವು ಸುಮ್ಮನೆ 'ಫೋಮ್' ಅನ್ನೋ ವಸ್ತುವಿನ ರಸಾಯನಶಾಸ್ತ್ರವನ್ನ 1937ರಲ್ಲಿ ಜರ್ಮನಿಯ ಆಟೋ ಬೇಯರ್ ಮತ್ತು ಜೊತೆಗಾರರು ಕಂಡುಹಿಡಿದರು. ಮೆತ್ತನೆಯ ಫೋಮ್ ವ್ಯಾಪಾರಕ್ಕೆ ಬಂದಿದ್ದು 1950ರ ದಶಕದಲ್ಲಿ. ಭಾರತದಲ್ಲಿ ಇದರ ದೊಡ್ಡ ಹೆಸರು ಸ್ಲೀಪ್‌ವೆಲ್ ಬ್ರ್ಯಾಂಡ್‌ನ ಶೀಲಾ ಫೋಮ್. ಅಲಿಗಢದಿಂದ ನಾಲ್ಕು ಬಾರಿ ಬಿಜೆಪಿ ಸಂಸದೆಯಾಗಿದ್ದ ಶೀಲಾ ಗೌತಮ್ 1971ರಲ್ಲಿ ಕಟ್ಟಿದ ಕಂಪನಿ ಅದು. 2023ರಲ್ಲಿ ಇದೇ ಶೀಲಾ ಫೋಮ್ 2,000 ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟು ಕರ್ಲಾನ್‌ನ ಬಹುಪಾಲು ಷೇರುಗಳನ್ನ ಕೊಂಡಿತು. ಫೋಮಿನ ಕಂಪನಿ ನಾರಿನ ಕಂಪನಿಯನ್ನ ನುಂಗಿತು ಅಂತ ಹೇಳಿದರೆ ಸ್ವಲ್ಪ ನಾಟಕೀಯ ಅನ್ನಿಸಬಹುದು. ಕರ್ಲಾನ್ ಅಷ್ಟೊತ್ತಿಗೆ ತಾನೂ ಫೋಮ್ ಮಾರುತ್ತಿತ್ತು. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಗುರುತು ಬೇಡ.

ಮೂರನೇ ತಿರುವು 2016ರದ್ದು. ಆ ವರ್ಷ ಬೆಂಗಳೂರಿನಲ್ಲಿ ವೇಕ್‌ಫಿಟ್ ಶುರುವಾಯಿತು. ಅಂಗಡಿ ಇಲ್ಲ, ಡೀಲರ್ ಇಲ್ಲ; ವೆಬ್‌ಸೈಟಿನಲ್ಲಿ ಒತ್ತಿದರೆ ಹಾಸಿಗೆ ಮನೆ ಬಾಗಿಲಿಗೆ. 2019ರಲ್ಲಿ ಇದೇ ಕಂಪನಿ ನೂರು ದಿನ ದಿನಕ್ಕೆ ಒಂಬತ್ತು ಗಂಟೆ ನಿದ್ದೆ ಮಾಡಿದವರಿಗೆ ಒಂದು ಲಕ್ಷ ರೂಪಾಯಿ ಕೊಡೋ 'ಸ್ಲೀಪ್ ಇಂಟರ್ನ್‌ಶಿಪ್' ಘೋಷಿಸಿದಾಗ ನಾವೆಲ್ಲ ಅದನ್ನ ಶೇರ್ ಮಾಡಿಕೊಂಡು ನಕ್ಕಿದ್ದೆವು. 2025ರ ಡಿಸೆಂಬರಿನಲ್ಲಿ ಕಂಪನಿ ಷೇರುಪೇಟೆಗೂ ಬಂತು.

ಒಳಗೆ ಏನಿರುತ್ತೆ?

ಇವತ್ತು ಅಂಗಡಿಯಲ್ಲಿ, ಆ್ಯಪ್‌ನಲ್ಲಿ ಸಿಗೋ ಹಾಸಿಗೆಗಳನ್ನ ಒಳಗಿನ ಸರಕಿನ ಮೇಲೆ ಹೀಗೆ ಬಿಡಿಸಬಹುದು.

ಹತ್ತಿ: ಗಾಳಿಯಾಡುತ್ತೆ, ಬೆವರು ಹೀರುತ್ತೆ, ಸೆಕೆಗೆ ಹೇಳಿ ಮಾಡಿಸಿದ್ದು. ಎರಡು-ಮೂರು ವರ್ಷಕ್ಕೆ ಗಟ್ಟಿಯಾಗಿ ಗಂಟು ಕಟ್ಟುತ್ತೆ, ಬಿಚ್ಚಿ ಹಿಂಜಿಸಿದರೆ ಮತ್ತೆ ಅರಳುತ್ತೆ. ತೂಕ ಜಾಸ್ತಿ. ಬಿಸಿಲಿಗೆ ಹಾಕಬೇಕು, ಇಲ್ಲದಿದ್ದರೆ ಮುಗ್ಗು ಹಿಡಿಯುತ್ತೆ. ಗಿರಣಿಯ ಕಸದ ಹತ್ತಿ ತುಂಬಿ ಒಳ್ಳೆ ಹತ್ತಿ ಅಂತ ಮಾರೋರೂ ಇದ್ದಾರೆ. ಬೂರುಗದ ಹತ್ತಿ ಇದಕ್ಕಿಂತ ಹಗುರ, ರೇಷ್ಮೆಯ ನುಣುಪು. ಆದರೆ ಬೇಗ ಪುಡಿಯಾಗುತ್ತೆ, ಅದಕ್ಕೇ ದಿಂಬಿಗೆ ಹೆಚ್ಚು ಒಗ್ಗುತ್ತೆ.

ತೆಂಗಿನ ನಾರು: ಗಟ್ಟಿ, ಗಾಳಿಯಾಡುತ್ತೆ, ಬೆಲೆ ಕೈಗೆಟುಕುತ್ತೆ. ಕಾಲಕ್ರಮೇಣ ನಡುವೆ ತಗ್ಗು ಬೀಳುತ್ತೆ. ಈಗ 'ಕಾಯರ್' ಅಂತ ಮಾರುವ ಬಹುಪಾಲು ಹಾಸಿಗೆಗಳಲ್ಲಿ ಕೆಳಗೆ ನಾರಿನ ಹಾಳೆ, ಮೇಲೆ ಫೋಮ್ ಇರುತ್ತೆ. ಯಾವುದು ಎಷ್ಟು ದಪ್ಪ ಅಂತ ಕೇಳಿಯೇ ತಗೋಬೇಕು.

ಪಿಯು ಫೋಮ್: ಮಾರುಕಟ್ಟೆಯ ನಿಜವಾದ ಯಜಮಾನ ಇವನೇ. ಪಾಲಿಯಾಲ್ ಮತ್ತು ಟಿಡಿಐ ಎಂಬ ಎರಡು ಪೆಟ್ರೋಲಿಯಂ ಮೂಲದ ರಾಸಾಯನಿಕ ಬೆರೆಸಿದರೆ ದೋಸೆ ಹಿಟ್ಟು ಹುದುಗಿ ಉಬ್ಬಿದ ಹಾಗೆ ಉಬ್ಬಿ ದೊಡ್ಡ ದಿಮ್ಮಿಯಾಗುತ್ತೆ. ಅದನ್ನ ಕೊಯ್ದು ಹಾಳೆ ಮಾಡ್ತಾರೆ. ಟಿಡಿಐ ತಯಾರಿಸುವ ಭಾರತದ ಏಕೈಕ ಕಂಪನಿ ಗುಜರಾತಿನ ಜಿಎನ್‌ಎಫ್‌ಸಿ, ಉಳಿದದ್ದು ಆಮದು. ಹಾಗಾಗಿ ನಿಮ್ಮ ಹಾಸಿಗೆಯ ಬೆಲೆಗೂ ಕಚ್ಚಾ ತೈಲಕ್ಕೂ ಸಂಬಂಧ ಇದೆ.

ಮೆಮೊರಿ ಫೋಮ್: ಇದೂ ಪಾಲಿಯುರಿಥೇನೇ, ಆದರೆ ಮೈಯ ಶಾಖಕ್ಕೆ ಮೆತ್ತಗಾಗಿ ನಿಧಾನಕ್ಕೆ ಮೊದಲ ಆಕಾರಕ್ಕೆ ಬರುವಂಥದ್ದು. 1966ರಲ್ಲಿ ನಾಸಾದ ಏಮ್ಸ್ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ವಿಮಾನದ ಸೀಟಿಗೆಂದು ಇದನ್ನ ರೂಪಿಸಿದರು. 'ನಾಸಾ ತಂತ್ರಜ್ಞಾನ' ಅಂತ ಜಾಹೀರಾತಿನಲ್ಲಿ ಬರೋದು ಈ ಕಾರಣಕ್ಕೆ. ಸುಳ್ಳಲ್ಲ. ಆದರೆ ಅದು ಗಗನಯಾತ್ರಿಗಳು ಮಲಗುವ ಹಾಸಿಗೆಯಾಗಿ ಹುಟ್ಟಿದ್ದೂ ಅಲ್ಲ. ಬಹಳಷ್ಟು ಹಾಸಿಗೆಗಳಲ್ಲಿ ಮೇಲಿನ ಒಂದೆರಡು ಇಂಚು ಮಾತ್ರ ಮೆಮೊರಿ ಫೋಮ್, ಕೆಳಗೆಲ್ಲ ಸಾದಾ ಫೋಮ್.

ಲೇಟೆಕ್ಸ್: ರಬ್ಬರ್ ಹಾಲನ್ನ ನೊರೆ ಮಾಡಿ ಬೇಯಿಸಿದ್ದು. 1929ರಲ್ಲಿ ಡನ್‌ಲಪ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿತು. ಪುಟಿಯುತ್ತೆ, ಬಾಳಿಕೆ ಬರುತ್ತೆ, ತುಟ್ಟಿ. ಸುಳ್ಯ-ಪುತ್ತೂರಿನ ಕಡೆ ಸಿರಿಮಾವೊ-ಶಾಸ್ತ್ರಿ ಒಪ್ಪಂದದಡಿ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳ ಪುನರ್ವಸತಿಗೆ ಸರ್ಕಾರ ರಬ್ಬರ್ ತೋಟ ಮಾಡಿದ್ದು ನಿಮಗೆ ಗೊತ್ತಿರಬಹುದು. ಕಚ್ಚಾ ಸರಕು ನಮ್ಮ ಮಣ್ಣಲ್ಲೇ ಇದೆ ಅನ್ನೋದಕ್ಕೆ ಹೇಳಿದೆ. ಕೃತಕ ಲೇಟೆಕ್ಸ್ ಬೆರೆಸಿದ್ದೂ 'ಲೇಟೆಕ್ಸ್' ಹೆಸರಲ್ಲೇ ಬರುತ್ತೆ, ಎಚ್ಚರ.

ಸ್ಪ್ರಿಂಗ್: ಹಳೆಯ ಬೊನೆಲ್ ಮಾದರಿಯಲ್ಲಿ ಸ್ಪ್ರಿಂಗುಗಳೆಲ್ಲ ಒಂದಕ್ಕೊಂದು ಕಟ್ಟಿರುತ್ತವೆ, ಪಕ್ಕದವರು ಮಗ್ಗುಲು ಬದಲಿಸಿದರೆ ನಿಮಗೂ ಅಲುಗುತ್ತೆ. ಪಾಕೆಟ್ ಮಾದರಿಯಲ್ಲಿ ಒಂದೊಂದಕ್ಕೂ ಬೇರೆ ಬಟ್ಟೆ ಚೀಲ. ಇದರ ಉಕ್ಕು ಗುಜರಿಗೆ ಹೋದರೂ ಬೆಲೆ ಬಾಳುತ್ತೆ.

ಇದೆಲ್ಲದರ ಮೇಲೆ ಈಚೆಗೆ ಜಾಲರಿಯಂಥ ಪಾಲಿಮರ್ ಹಾಳೆ, ಜೆಲ್, ತಂಪು ಬಟ್ಟೆ, ಬಿದಿರಿನ ಕವರ್ ಅಂತ ಪದರಗಳು ಸೇರುತ್ತಿವೆ. ಹೆಸರು ಯಾವುದೇ ಇರಲಿ, ಅಡಿಪಾಯದಲ್ಲಿ ಬಹುತೇಕ ಪಿಯು ಫೋಮೇ ಇರುತ್ತೆ.

'ಆಯ್ಕೆ' ಮಾಡಿದ್ದು ನಾವಾ, ಡಬ್ಬಿನಾ?

ಫೋಮ್ ಗೆದ್ದಿದ್ದು ಬರೀ ಮೆತ್ತಗಿರೋದಕ್ಕಲ್ಲ. ಅದನ್ನ ಒತ್ತಿ, ಗಾಳಿ ಹೀರಿ, ಸುರುಳಿ ಸುತ್ತಿ ಡಬ್ಬಿಗೆ ತುಂಬಬಹುದು ಅನ್ನೋದಕ್ಕೆ. ಮನೆಗೆ ಬಂದ ಮೇಲೆ ಕತ್ತರಿ ಹಾಕಿದರೆ ಉಸಿರು ತಗೊಂಡು ಎದ್ದು ಕೂರುತ್ತೆ. ಹತ್ತಿ ಗಾದಿಯನ್ನ ಹಾಗೆ ಒತ್ತಿದರೆ ಒತ್ತಿದ ಹಾಗೇ ಉಳಿಯುತ್ತೆ. ನಾರಿನ ಹಾಳೆಯನ್ನ ಸುತ್ತಿದರೆ ಮುರಿಯುತ್ತೆ. ಇವನ್ನ ಲಾರಿಯಲ್ಲಿ ಚಪ್ಪಟೆಯಾಗಿ ಮಲಗಿಸಿಯೇ ಸಾಗಿಸಬೇಕು. ಒಂದು ಗಾಡಿಯಲ್ಲಿ ಎಷ್ಟು ಹಾಸಿಗೆ ಹಿಡಿಯುತ್ತೆ, ಗೋದಾಮಿಗೆ ಎಷ್ಟು ಜಾಗ ಬೇಕು, ಡೆಲಿವರಿ ಹುಡುಗ ಒಬ್ಬನೇ ಮೂರನೇ ಮಹಡಿಗೆ ಹೊರಬಹುದಾ, ಈ ಲೆಕ್ಕಗಳೇ ನಮ್ಮ ಬೆನ್ನಿನ ಕೆಳಗೆ ಏನಿರಬೇಕು ಅಂತ ತೀರ್ಮಾನಿಸಿದವು.

ಅದಕ್ಕೆ ನಮ್ಮ ಬದುಕೂ ಹೊಂದಿಕೊಂಡಿತು. ಹನ್ನೊಂದು ತಿಂಗಳ ಕರಾರಿನ ಮನೆ. ಪಿಜಿಯಿಂದ ಪಿಜಿಗೆ ಅಲೆದಾಟ. ಬಿಸಿಲಿಗೆ ಹಾಸಿಗೆ ಹಾಕೋಕೆ ತಾರಸಿಯ ಬೀಗದ ಕೈ ಓನರ್ ಹತ್ತಿರ. ಇಪ್ಪತ್ತು ಕೆಜಿ ಗಾದಿ ಹೊತ್ತು ತಿರುಗೋದು ಯಾರಿಗೆ ಬೇಕು? ಕಂತಿನಲ್ಲಿ ಸಿಗುತ್ತೆ, ನೂರು ರಾತ್ರಿ ಮಲಗಿ ನೋಡಿ ಬೇಡದಿದ್ದರೆ ವಾಪಸ್ ಅಂತಾರೆ, ತಗೋತೀವಿ. ನಾನೂ ತಗೊಂಡೆ, ಯಾರನ್ನೂ ದೂರುತ್ತಿಲ್ಲ. ಆದರೆ ಇದನ್ನ 'ಅಭಿರುಚಿ' ಅಂತ ಕರೆಯೋದು ಸರಿಯಲ್ಲ. ಭದ್ರತೆ ಇಲ್ಲದ ಬಾಡಿಗೆ ಬದುಕಿಗೆ ಸಿಕ್ಕ ಸುಲಭದ ಉತ್ತರ ಇದು.

ತೆರಿಗೆಯಲ್ಲೂ ಒಂದು ಕತೆ ಇದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಹಾಸಿಗೆಗಳಿಗೆ ಶೇ 28 ಹಾಕಿದರು. ಅದೇ ನವೆಂಬರಿನಲ್ಲಿ ಶೇ 18ಕ್ಕೆ ಇಳಿಸಿದರು. ಆ ದರಪಟ್ಟಿಯಲ್ಲಿ ಕಾಯರ್ ಉತ್ಪನ್ನಗಳಿಗೆ ಕಡಿಮೆ ದರ ಇತ್ತು. ಆದರೆ ಪಕ್ಕದಲ್ಲೇ 'ಕಾಯರ್ ಹಾಸಿಗೆ ಹೊರತುಪಡಿಸಿ' ಅಂತ ಬರೆದಿದ್ದರು. ಕಾಲೊರೆಸುವ ಚಾಪೆಗೆ ಸಿಕ್ಕ ರಿಯಾಯಿತಿ ಮಲಗೋ ಹಾಸಿಗೆಗೆ ಸಿಗಲಿಲ್ಲ. 1953ರಲ್ಲೇ ಕಾಯರ್ ಉದ್ಯಮಕ್ಕೆಂದು ಪ್ರತ್ಯೇಕ ಕಾಯ್ದೆ ಮಾಡಿದ ದೇಶದಲ್ಲಿ, ನಾರು ಮತ್ತು ಪೆಟ್ರೋಲಿಯಂ ಫೋಮ್ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಇದು.

'ಆರ್ಥೋ' ಅನ್ನೋ ಮಂತ್ರ

ಬೆನ್ನು ನೋವಿರೋ ಯಾರನ್ನೇ ಕೇಳಿ, "ಗಟ್ಟಿ ಹಾಸಿಗೆ ಮೇಲೆ ಮಲಗು" ಅಂತಾರೆ. ಆ ನಂಬಿಕೆಯ ಮೇಲೆ 'ಆರ್ಥೋಪೆಡಿಕ್' ಹಾಸಿಗೆಯ ವ್ಯಾಪಾರ ನಿಂತಿದೆ. 2003ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಸ್ಪೇನಿನ ಸಂಶೋಧಕರ ಒಂದು ಅಧ್ಯಯನ ಬಂತು. ದೀರ್ಘಕಾಲದ ಸೊಂಟ ನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ಗಮನಿಸಿದರು. ಮಧ್ಯಮ ಗಟ್ಟಿಯ ಹಾಸಿಗೆಯವರಿಗೇ ಹೆಚ್ಚು ಆರಾಮ ಸಿಕ್ಕಿತ್ತು. ಒಂದೇ ಅಧ್ಯಯನ ಕೊನೆಯ ಮಾತಲ್ಲ. ಆದರೆ ಗಟ್ಟಿ ಇದ್ದಷ್ಟೂ ಒಳ್ಳೇದು ಅನ್ನೋದು ವಿಜ್ಞಾನ ಅಲ್ಲ ಅಂತ ಗೊತ್ತಾಗೋಕೆ ಇಷ್ಟು ಸಾಕು.

'ಆರ್ಥೋ' ಅನ್ನೋದು ಮಾರಾಟದ ಪದ. ಅದನ್ನ ಕವರಿನ ಮೇಲೆ ಬರೆದ ಮಾತ್ರಕ್ಕೆ ವೈದ್ಯರು ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ ಅಲ್ಲ. ನೋವು ಬಿಡದೆ ಕಾಡುತ್ತಿದ್ದರೆ ಹಾಸಿಗೆ ಬದಲಿಸುವ ಮುಂಚೆ ವೈದ್ಯರನ್ನ ಕಾಣಿ.

ಅವ್ವ ಹೇಳಿದ ಎರಡನೇ ದೂರು, "ಬೆನ್ನು ಕಾಯತೈತಿ", ಅದೂ ಸುಮ್ಮನೆ ಅಲ್ಲ. ಫೋಮಿನ ಸಣ್ಣ ಸಣ್ಣ ಗೂಡುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತೆ, ಮೈಯ ಶಾಖ ಹೊರಗೆ ಹೋಗೋದಿಲ್ಲ. ನಿಮ್ಮ ಫ್ರಿಜ್ಜಿನ ಗೋಡೆಯೊಳಗೆ ಶಾಖ ತಡೆಯೋಕೆ ತುಂಬೋದು ಇದೇ ಕುಟುಂಬದ ಗಟ್ಟಿ ಫೋಮ್. ಅದರ ತಮ್ಮನ ಮೇಲೆ ಏಪ್ರಿಲ್ ತಿಂಗಳಲ್ಲಿ, ಕಲಬುರಗಿಯಲ್ಲೋ ರಾಯಚೂರಲ್ಲೋ ಮಲಗಿದರೆ ಸೆಕೆ ಆಗದೆ ಇನ್ನೇನು? ಮೊದಲು ಬಿಸಿಯಾಗುವ ಹಾಸಿಗೆ ಮಾರಿ, ಆಮೇಲೆ ಅದಕ್ಕೆ 'ಕೂಲಿಂಗ್ ಜೆಲ್' ಪದರ ಹಾಕಿ ಇನ್ನೂ ಹೆಚ್ಚಿನ ಬೆಲೆಗೆ ಮಾರೋದನ್ನ 'ಹೊಸ ಟ್ರೆಂಡ್' ಅಂತಿದ್ದಾರೆ.

ಕಮಾನಿನ ಸದ್ದು ನಿಂತಾಗ

ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮ ಓಣಿಗೆ ಹತ್ತಿ ಹಿಂಜೋರು ಬರ್ತಿದ್ದರು. ಹೆಗಲ ಮೇಲೆ ಆಳೆತ್ತರದ ಕಮಾನು. ಅದರ ತಂತಿಯನ್ನ ಮರದ ಕೊಡತಿಯಿಂದ ಬಡಿದರೆ 'ಟಂಯ್ ಟಂಯ್' ಅಂತ ಸದ್ದು, ಅಂಗಳದ ತುಂಬ ಹಾರುವ ಅರಳೆ. ನಾವು ಅವರನ್ನ ಕಾಕಾ ಅಂತಿದ್ದೆವು. ಸಂಜೆಯ ಹೊತ್ತಿಗೆ ಕಲ್ಲಿನಂತಾಗಿದ್ದ ಗಾದಿ ಉಬ್ಬಿ ನಿಲ್ಲುತ್ತಿತ್ತು. ಮೊದಲು ಹತ್ತೋದು ನಾವೇ ಮಕ್ಕಳು, ಬೈಸಿಕೊಂಡು ಇಳಿಯೋದೂ ನಾವೇ.

ಕರ್ನಾಟಕದಲ್ಲಿ ಈ ಕಸುಬು ಪಿಂಜಾರ, ನದಾಫ್ ಎಂದು ಕರೆಸಿಕೊಳ್ಳುವ ಸಮುದಾಯದ್ದು. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 1ರಲ್ಲಿದ್ದಾರೆ, ಅಂದರೆ ಅತ್ಯಂತ ಹಿಂದುಳಿದವರು ಅಂತ ಸರ್ಕಾರವೇ ಒಪ್ಪಿಕೊಂಡಿದೆ. ಪ್ರತ್ಯೇಕ ಅಭಿವೃದ್ಧಿ ನಿಗಮ ಅನ್ನೋದು ಅವರ ಹಳೆಯ ಹೋರಾಟ. ಫೋಮ್ ಬಂದು ಕಸುಬು ಹೋದಾಗ ಯಾವ ಪತ್ರಿಕೆಯೂ ಅದನ್ನ 'ಉದ್ಯೋಗ ನಷ್ಟ' ಅಂತ ಬರೆಯಲಿಲ್ಲ. ಅವರು ಯಾವ ಕಂಪನಿಯ ನೌಕರರೂ ಆಗಿರಲಿಲ್ಲವಲ್ಲ! ಮೂರು ಸಾವಿರ ಜನ ಕೆಲಸ ಕಳೆದುಕೊಂಡರೆ ಸುದ್ದಿ. ಊರಿಗೆ ಎರಡು ಮನೆಯಂತೆ ಇಡೀ ಕಸುಬೇ ಕರಗಿದರೆ ಅದು 'ಬದಲಾವಣೆ'.

ಹಾಗಂತ ಹಳೆಯದನ್ನ ಹಾಡಿ ಹೊಗಳೋಕೆ ನಾನು ತಯಾರಿಲ್ಲ. ಜೀವನಪೂರ್ತಿ ಹತ್ತಿಯ ಧೂಳು ಕುಡಿದವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತೆ. ನಮ್ಮ ಓಣಿಯ ಕಾಕಾ ಕೆಮ್ಮುತ್ತಲೇ ಕೆಲಸ ಮಾಡ್ತಿದ್ದುದು ನನಗೆ ನೆನಪಿದೆ. ಹತ್ತಿ ಬೆಳೆಗೆ ಸುರಿಯುವ ಕೀಟನಾಶಕ, ಹತ್ತಿ ರೈತರ ಸಾಲ ನಮಗೆಲ್ಲ ಗೊತ್ತಿರುವ ಕತೆ. ಆ ಕಡೆ ಫೋಮ್ ಕಾರ್ಖಾನೆಯ ಕಾರ್ಮಿಕರಿಗೂ ಅಪಾಯ ಇದೆ: ಟಿಡಿಐ ಆವಿ ಉಸಿರಿಗೆ ಸೇರಿದರೆ ಅಸ್ತಮಾ ಬರಬಹುದು. ಸರಿಯಾಗಿ ತಯಾರಾದ ಫೋಮಿನಲ್ಲಿ ಟಿಡಿಐ ಪ್ರತಿಕ್ರಿಯೆಯಲ್ಲಿ ಕರಗಿ ಹೋಗಿರುತ್ತೆ, ಮಲಗುವವರು ಹೆದರಬೇಕಿಲ್ಲ. ಆದರೆ ಫೋಮಿಗೆ ಬೆಂಕಿ ಹತ್ತಿದರೆ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸೈನೈಡ್ ಇರುವ ವಿಷದ ಹೊಗೆ ಏಳುತ್ತೆ. ಒಂದೇ ಬಾಗಿಲಿನ ಪಿಜಿ ಕೋಣೆಯಲ್ಲಿ ಆರು ಫೋಮ್ ಹಾಸಿಗೆ ಹಾಕಿರುವ ನಗರದಲ್ಲಿ ಇದನ್ನ ಯೋಚಿಸಬೇಕು.

ಹಳೇ ಹಾಸಿಗೆ ಎಲ್ಲಿಗೆ ಹೋಗುತ್ತೆ?

ನನ್ನ ಹಾಸಿಗೆಯ ವಿಷಯಕ್ಕೆ ಬರ್ತೀನಿ. ಅದನ್ನ ಏನು ಮಾಡೋದು? ಕಸದ ಆಟೋದವರು ನೋಡಿ ತಲೆಯಾಡಿಸಿದರು. ಗುಜರಿ ಅಂಗಡಿಯವರು "ಫೋಮಿಗೆ ದುಡ್ಡಿಲ್ಲ, ಮೇಡಂ" ಅಂದರು. ಪಕ್ಕದ ಮನೆಯವರು "ರಾತ್ರಿ ಹೊತ್ತು ಖಾಲಿ ಸೈಟಲ್ಲಿ ಇಟ್ಟುಬಿಡಿ" ಅಂತ ಉಪಾಯ ಹೇಳಿದರು. ಬೆಂಗಳೂರಿನ ಯಾವುದೇ ರಾಜಕಾಲುವೆಯ ಅಂಚಿಗೆ ಹೋಗಿ ನೋಡಿ, ಆ ಉಪಾಯ ಎಷ್ಟು ಜನರಿಗೆ ಹೊಳೆದಿದೆ ಅಂತ ಗೊತ್ತಾಗುತ್ತೆ. ಮಳೆಗಾಲದಲ್ಲಿ ನೀರು ಕುಡಿದು ಭಾರವಾದ ಆ ಹಾಸಿಗೆಯನ್ನ ಎಳೆದು ಹಾಕೋದು ಪೌರಕಾರ್ಮಿಕರು. ಅವರ ಬೆನ್ನಿಗೆ ಯಾವ 'ಆರ್ಥೋ' ಇದೆ?

ಫೋಮನ್ನ ಮರುಬಳಕೆ ಮಾಡೋಕೆ ಆಗಲ್ಲ ಅಂತೇನಿಲ್ಲ. ಚೂರು ಮಾಡಿ, ಅಂಟು ಹಾಕಿ, ಒತ್ತಿದರೆ 'ರೀಬಾಂಡೆಡ್ ಫೋಮ್' ಆಗುತ್ತೆ. ನಮ್ಮಲ್ಲಿ ಗಟ್ಟಿ ಹಾಸಿಗೆಗಳ ಕೆಳಪದರಕ್ಕೆ ಅದನ್ನೇ ಹಾಕ್ತಾರೆ. ಆದರೆ ಅದಕ್ಕೆ ಕಾರ್ಖಾನೆಯ ಚೂರುಪಾರು ಸಿಕ್ಕಷ್ಟು ಸುಲಭವಾಗಿ ಮನೆಮನೆಯ ಹಳೇ ಹಾಸಿಗೆ ಸಿಗೋದಿಲ್ಲ. ಸಂಗ್ರಹಿಸೋರು ಯಾರು, ಖರ್ಚು ಯಾರದು?

ಅಮೆರಿಕದ ಕನೆಕ್ಟಿಕಟ್, ಕ್ಯಾಲಿಫೋರ್ನಿಯಾ ರಾಜ್ಯಗಳು 2013ರಲ್ಲೇ ಇದಕ್ಕೆ ಕಾನೂನು ಮಾಡಿದವು. ಹೊಸ ಹಾಸಿಗೆ ಕೊಳ್ಳುವಾಗ ಸಣ್ಣ ಶುಲ್ಕ, ಆ ಹಣದಲ್ಲಿ ತಯಾರಕರೇ ಹಳೇ ಹಾಸಿಗೆ ಪಡೆದು ಬಿಡಿಸುವ ವ್ಯವಸ್ಥೆ. ಫ್ರಾನ್ಸಿನಲ್ಲಿ ಪೀಠೋಪಕರಣ ತಯಾರಕರ ಹೊಣೆಯಲ್ಲಿ ಹಾಸಿಗೆಯೂ ಸೇರಿದೆ. ನಮ್ಮ ದೇಶದಲ್ಲಿ ಇ-ತ್ಯಾಜ್ಯ, ಬ್ಯಾಟರಿ, ಟೈರು, ಪ್ಲಾಸ್ಟಿಕ್ ಪೊಟ್ಟಣಗಳಿಗೆ ಉತ್ಪಾದಕರ ಹೊಣೆಗಾರಿಕೆಯ ನಿಯಮ ಬಂದಿದೆ. ಅಂದರೆ ಹಾಸಿಗೆ ಸುತ್ತಿ ಬಂದ ಪ್ಲಾಸ್ಟಿಕ್ ಹಾಳೆಗೆ ಲೆಕ್ಕ ಕೊಡುವವರಿದ್ದಾರೆ, ಒಳಗಿನ ಹಾಸಿಗೆಗೆ ಇಲ್ಲ!

ಕೊಳ್ಳೋ ಮುಂಚೆ ಇಷ್ಟು ನೋಡಿ

ಮೊದಲನೆಯದು, ಸಾಂದ್ರತೆ. ಫೋಮಿನ ಗುಣಮಟ್ಟದ ದೊಡ್ಡ ಸುಳಿವು ಅದರ ಡೆನ್ಸಿಟಿ, ಅಂದರೆ ಒಂದು ಘನ ಮೀಟರಿಗೆ ಎಷ್ಟು ಕೆಜಿ. ಅಂಗಡಿಯವರು '32 ಡೆನ್ಸಿಟಿ', '40 ಡೆನ್ಸಿಟಿ' ಅನ್ನೋದು ಇದನ್ನೇ. ದಿನಾ ಮಲಗೋ ಹಾಸಿಗೆಯ ಆಧಾರ ಪದರ 32ಕ್ಕಿಂತ ಕಡಿಮೆ ಇದ್ದರೆ ಬೇಗ ಕುಸಿಯೋ ಸಾಧ್ಯತೆ ಜಾಸ್ತಿ. ವೆಬ್‌ಸೈಟಿನಲ್ಲಿ ಹಾಕಿಲ್ಲವೆಂದರೆ ನೀವೇ ಲೆಕ್ಕ ಮಾಡಿ. 78×60×6 ಇಂಚಿನ ಹಾಸಿಗೆಯ ಗಾತ್ರ ಸುಮಾರು 0.46 ಘನ ಮೀಟರ್. ಪೂರ್ತಿ 32 ಡೆನ್ಸಿಟಿ ಫೋಮ್ ಆಗಿದ್ದರೆ 15 ಕೆಜಿಯ ಹತ್ತಿರ ತೂಗಬೇಕು. ಒಂಬತ್ತು-ಹತ್ತು ಕೆಜಿ ಅಂತ ಬರೆದಿದ್ದರೆ ಒಳಗಿರೋದು 20ರ ಆಸುಪಾಸಿನ ಫೋಮ್. ತೂಕ ಸುಳ್ಳು ಹೇಳೋದು ಕಷ್ಟ. ಆದರೆ ರೀಬಾಂಡೆಡ್ ಫೋಮ್, ಸ್ಪ್ರಿಂಗ್ ಇದ್ದರೆ ಈ ಲೆಕ್ಕ ನಡೆಯೋದಿಲ್ಲ, ಅವು ತಾವೇ ಭಾರ.

ಎರಡನೆಯದು, ಪದರಗಳ ಪಟ್ಟಿ. ಯಾವ ಸರಕು, ಎಷ್ಟು ಇಂಚು. 'ಹೈ ರೆಸಿಲಿಯನ್ಸ್', 'ನೆಕ್ಸ್ಟ್ ಜೆನ್' ಅನ್ನೋದನ್ನ ಬಿಟ್ಟು ಇಂಚು ಕೇಳಿ.

ಮೂರನೆಯದು, ವಾರಂಟಿಯ ಸಣ್ಣಕ್ಷರ. ಎಷ್ಟು ಇಂಚು ತಗ್ಗಾದರೆ ದೋಷ ಅಂತ ಒಪ್ಪುತ್ತಾರೆ? ಎಂಥ ಮಂಚ ಇರಬೇಕು? ಕಲೆ ಬಿದ್ದರೆ ವಾರಂಟಿ ಹೋಗುತ್ತಾ? ಸಾಗಣೆ ಖರ್ಚು ಯಾರದು?

ನಾಲ್ಕನೆಯದು, ವಾಪಸ್ ಮಾಡಿದ ಹಾಸಿಗೆ ಏನಾಗುತ್ತೆ ಅಂತ ಕೇಳಿ. ನಿಮಗೆ ಬರೋದು ಹೊಸದೇ ಅಂತ ಲಿಖಿತವಾಗಿ ಪಡೆಯಿರಿ.

ಐದನೆಯದು, ಸೆಕೆಯ ಊರಲ್ಲಿ, ನೆಲೆಯಾಗಿ ಇರೋ ಮನೆಯಲ್ಲಿ ಇದ್ದರೆ ಹತ್ತಿ, ನಾರನ್ನ ಮರೆಯಬೇಡಿ. ಹಲವು ಊರುಗಳಲ್ಲಿ ಈಗ ಹಿಂಜುವ ಯಂತ್ರವನ್ನ ಗಾಡಿಯ ಮೇಲೆ ಇಟ್ಟುಕೊಂಡು ಮನೆ ಬಾಗಿಲಿಗೇ ಬರ್ತಾರೆ. ತುಂಬುವ ಮುಂಚೆ ಅರಳೆಯನ್ನ ಕೈಯಲ್ಲಿ ಹಿಡಿದು ನೋಡಿ, ಎದುರಿಗೇ ತೂಗಿಸಿ.

ಮೋಸ ಆಗಿದೆ ಅನ್ನಿಸಿದರೆ ಸುಮ್ಮನಿರಬೇಡಿ. ಸರಕಿನ ಗುಣಮಟ್ಟ, ಪ್ರಮಾಣ ತಿಳಿಯೋದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಕೊಟ್ಟ ಹಕ್ಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಗ್ರಾಹಕ ಆಯೋಗದಲ್ಲಿ ದೂರಿನ ಶುಲ್ಕ ಇಲ್ಲ, ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಒಬ್ಬೊಬ್ಬರೇ ಜಾಣರಾದರೆ ಸಾಲದು

ಇಷ್ಟೆಲ್ಲ ಓದಿ ನೀವು ಒಳ್ಳೆ ಹಾಸಿಗೆ ಕೊಂಡರೆ ನಿಮ್ಮ ಬೆನ್ನು ಉಳಿಯುತ್ತೆ. ಆದರೆ ತೂಕ ಭಾಗಿಸಿ ಸಾಂದ್ರತೆ ಕಂಡುಹಿಡಿಯೋ ಕೆಲಸವನ್ನ ಪ್ರತಿಯೊಬ್ಬ ಗ್ರಾಹಕನೂ ಯಾಕೆ ಮಾಡಬೇಕು? ಬಿಸ್ಕತ್ ಪೊಟ್ಟಣದ ಮೇಲೆ ಒಳಗೇನಿದೆ ಅಂತ ಬರೆಯಬೇಕು, ಹತ್ತು ವರ್ಷ ಮೈಗೆ ಅಂಟಿಕೊಂಡಿರೋ ವಸ್ತುವಿನ ಮೇಲೆ ಬೇಡವಾ? ಮನೆಬಳಕೆಯ ಫೋಮ್ ಹಾಸಿಗೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 7933 ಎಂಬ ಮಾನಕ 1970ರ ದಶಕದಿಂದಲೇ ಇದೆ. ಅದು ಇದೆ ಅಂತ ಕೊಳ್ಳುವ ನಮಗೆ ಯಾರೂ ಹೇಳಿಲ್ಲ.

ಹಾಗಾಗಿ ಕೇಳಬೇಕಾದ್ದು ನಾಲ್ಕು. ಪದರ, ಸಾಂದ್ರತೆ, ತಯಾರಾದ ತಿಂಗಳು ಇರುವ ಲೇಬಲ್ ಕಡ್ಡಾಯ ಆಗಲಿ. ಹಳೇ ಹಾಸಿಗೆ ವಾಪಸ್ ಪಡೆಯೋ ಹೊಣೆ ತಯಾರಕರಿಗೆ ಬರಲಿ. ಸರ್ಕಾರಿ ವಿದ್ಯಾರ್ಥಿನಿಲಯ, ಆಸ್ಪತ್ರೆಗಳಿಗೆ ಕೊಳ್ಳುವಾಗ ನಾರು, ಹತ್ತಿಯ ಹಾಸಿಗೆಗೆ ಪಾಲು ಮೀಸಲಾಗಲಿ. ಹಿಂಜುವ ಕಸುಬಿನವರಿಗೆ ಧೂಳು ಹೀರುವ ಯಂತ್ರ, ಮುಖಗವಸು, ಸಾಲ ಸಿಗಲಿ. ತಿಪಟೂರಿನ ನಾರು, ಹಾವೇರಿಯ ಹತ್ತಿ, ಸುಳ್ಯದ ರಬ್ಬರ್ ಇರೋ ರಾಜ್ಯದಲ್ಲಿ ಹಾಸ್ಟೆಲ್ ಮಕ್ಕಳು ಪೆಟ್ರೋಲಿಯಂ ಮೇಲೆ ಮಲಗಿ ಬೆವರಬೇಕಿಲ್ಲ.

'ಹಾಸಿಗೆ ಇದ್ದಷ್ಟು ಕಾಲು ಚಾಚು' ಅಂತ ನಮಗೆ ಹೇಳಿಕೊಟ್ಟರು, ನಾವು ಚಾಚಿಕೊಂಡೇ ಬಂದೆವು. ಹಾಸಿಗೆ ಮಾಡಿದವರು ಯಾರು, ಒಳಗೆ ಏನು ತುಂಬಿದರು, ಹರಿದ ಮೇಲೆ ಹೊರೋರು ಯಾರು ಅಂತ ಕೇಳೋದನ್ನ ಯಾರೂ ಹೇಳಿಕೊಡಲಿಲ್ಲ.

ಅವ್ವ ಊರಿಗೆ ಹೋಗುವಾಗ ಒಂದು ಮಾತು ಹೇಳಿದಳು: "ಅಟ್ಟದ ಮ್ಯಾಲೆ ನಿನ್ನ ಗಾದಿ ಹಂಗ ಐತಿ. ಹಿಂಜಾಕ ಯಾರರ ಬಂದ್ರ ಹಿಂಜ್ಸಿ ಇಡ್ತೀನಿ." ನನ್ನ ಮೂರು ವರ್ಷದ ಹಾಸಿಗೆ ಇನ್ನೂ ಗೋಡೆಗೆ ಒರಗಿ ನಿಂತಿದೆ. ಅದನ್ನ ತಗೊಂಡು ಹೋಗೋರು ಯಾರೂ ಸಿಕ್ಕಿಲ್ಲ.